ಕಂತು ಬಂತು, ಅವಳು ಬರಲಿಲ್ಲ



ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಮಹಿಳಾ ಸಂಘದ ನಡಾವಳಿ ಪುಸ್ತಕ ನನ್ನ ಕೈಗೆ ಬಂತು. ಊರಿನ ಹೆಸರು ಬೇಡ, ಸಂಘದ ಹೆಸರೂ ಬೇಡ. ಯಾಕೆಂದರೆ ಇದು ಆ ಒಂದು ಸಂಘದ ಕಥೆಯಲ್ಲ. ಪುಸ್ತಕವನ್ನು ಬಹಳ ಚೆನ್ನಾಗಿ ಇಟ್ಟಿದ್ದರು. ಗೆರೆ ಎಳೆದು, ಕೆಂಪು ಶಾಯಿಯಲ್ಲಿ ತಲೆಬರಹ ಬರೆದು, ಹಾಜರಿ, ಉಳಿತಾಯ, ಸಾಲದ ಕಂತು, ಬಡ್ಡಿ, ದಂಡ ಎಲ್ಲವನ್ನೂ ವಾರ ತಪ್ಪದೆ ನಮೂದಿಸಿದ್ದರು. ಆ ವರ್ಷ ಸಂಘಕ್ಕೆ ‘ಎ’ ದರ್ಜೆ ಸಿಕ್ಕಿತ್ತು.

ಆ ಪುಸ್ತಕದಲ್ಲಿ ಒಬ್ಬ ಸದಸ್ಯೆಯ ಹೆಸರಿನ ಮುಂದೆ ಮೂರು ವಾರ ‘ಗೈರು’ ಎಂದಿದೆ. ಅದರ ಪಕ್ಕದಲ್ಲೇ ‘ಕಂತು ಬಂದಿದೆ’ ಎಂದಿದೆ. ಕಂತನ್ನು ಪಕ್ಕದ ಮನೆಯ ಹುಡುಗನ ಕೈಯಲ್ಲಿ ಕಳಿಸಿದ್ದಳು. ನಾಲ್ಕನೆಯ ವಾರ ಅವಳ ಹೆಸರಿಗೆ ಅಡ್ಡಗೆರೆ ಬಿದ್ದಿದೆ. ಅದರ ಕೆಳಗೆ ಒಂದು ಠರಾವು: ಮೃತ ಸದಸ್ಯೆಯ ಉಳಿತಾಯದ ಹಣವನ್ನು ಬಾಕಿ ಸಾಲಕ್ಕೆ ಮುರಿದುಕೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.

ಅಷ್ಟೇ. ಹೇಗೆ ಸತ್ತಳು, ಯಾಕೆ ಸತ್ತಳು ಎಂಬ ಒಂದು ಸಾಲೂ ಇಲ್ಲ. ನೀರು ಸೇದಲು ಹೋಗಿ ಕಾಲು ಜಾರಿ ಬಾವಿಗೆ ಬಿದ್ದಳು ಎಂದು ಗಂಡನ ಮನೆಯವರು ಹೇಳಿದರು. ಊರು ನಂಬಿತು, ಅಥವಾ ನಂಬಿದ ಹಾಗೆ ನಟಿಸಿತು. ಅವಳು ಸಂಘದಿಂದ ತೆಗೆದುಕೊಂಡ ಸಾಲ 30,000 ರೂಪಾಯಿ. ಉದ್ದೇಶ ಎಂಬಲ್ಲಿ ‘ಹೈನುಗಾರಿಕೆ’ ಎಂದು ಬರೆದಿದೆ. ನಾವು ಆ ಮನೆಗೆ ಹೋದಾಗ ಕೊಟ್ಟಿಗೆಯಲ್ಲಿ ಹಸು ಇರಲಿಲ್ಲ. ಅಂಗಳದಲ್ಲಿ ಗಂಡನ ಬೈಕು ನಿಂತಿತ್ತು.

ಸಂಘದ ಇಬ್ಬರು ಹೆಂಗಸರಿಗೆ ಎಲ್ಲ ಗೊತ್ತಿತ್ತು. ಅವಳ ತೋಳಿನ ಮೇಲಿನ ಬರೆಯನ್ನು ಅವರು ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವಾಗ ನೋಡಿದ್ದರು. “ಮತ್ತೆ ಸಂಘದಲ್ಲಿ ಯಾಕಮ್ಮಾ ಹೇಳಲಿಲ್ಲ?” ಎಂದು ಕೇಳಿದೆ. ಅವರಲ್ಲಿ ಹಿರಿಯಾಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು: “ಏನ್ ಮಾಡಾದಕ್ಕಾ, ಮನೆ ವಿಚಾರ ಮೀಟಿಂಗಲ್ಲಿ ಎತ್ತಬ್ಯಾಡಿ, ಲೆಕ್ಕ ಮುಗಿಯಾಕಿಲ್ಲ ಅಂತ ಹೇಳಿದ್ರು. ಅವಳ ಕಂತೂ ಬತ್ತಾ ಇತ್ತಲ್ಲ.”

ಅವಳ ಕಂತೂ ಬರುತ್ತಿತ್ತಲ್ಲ! ಈ ಒಂದು ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಯಾವ ಕಾರಣಕ್ಕಾಗಿ ಹೆಂಗಸರು ಮನೆಯ ಹೊಸಿಲು ದಾಟಿ ಒಂದು ಕಡೆ ಬಂದು ಕುಳಿತರೋ, ಆ ಕಾರಣವನ್ನೇ ‘ಮನೆ ವಿಚಾರ’ ಎಂದು ಹೊರಗಿಡುವ ಮಟ್ಟಕ್ಕೆ ನಮ್ಮ ಸಂಘಗಳು ಬಂದು ನಿಂತದ್ದು ಹೇಗೆ? ಈ ಪ್ರಶ್ನೆಯನ್ನು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿದೆ.

ಹುಟ್ಟಿದ್ದು ಯಾಕೆ?

ವರದಕ್ಷಿಣೆ ಕೊಡುವುದು, ತೆಗೆದುಕೊಳ್ಳುವುದು ಎರಡೂ ಅಪರಾಧ ಎಂಬ ಕಾನೂನು 1961ರಲ್ಲೇ ಬಂದಿತ್ತು. ಅದು ಕಾಗದದ ಮೇಲೆ ನಿದ್ದೆ ಹೋಗಿತ್ತು. ಅದನ್ನು ಎಬ್ಬಿಸಿದವರು ಬೀದಿಗಿಳಿದ ಹೆಂಗಸರು. 1979ರಲ್ಲಿ ದೆಹಲಿಯಲ್ಲಿ ಸುಟ್ಟು ಸತ್ತ ಸೊಸೆಯೊಬ್ಬಳ ಗಂಡನ ಮನೆಯ ಮುಂದೆ ಮಹಿಳೆಯರು ಮೆರವಣಿಗೆ ಹೋಗಿ ನಿಂತರು. ಅದೇ ವರ್ಷ ಬೆಂಗಳೂರಿನಲ್ಲಿ ‘ವಿಮೋಚನಾ’ ಹುಟ್ಟಿತು. ನಾಲ್ಕು ಗೋಡೆಗಳ ನಡುವೆ ನಡೆದದ್ದು ನಾಲ್ಕು ಜನರ ವಿಷಯ ಎಂದು ಮೊದಲ ಬಾರಿಗೆ ಗಟ್ಟಿಯಾಗಿ ಹೇಳಿದ ಕಾಲ ಅದು. ಆ ಕೂಗಿನ ಫಲವಾಗಿ 1983ರಲ್ಲಿ 498-ಎ ಕಲಮು ಬಂತು, 1986ರಲ್ಲಿ ವರದಕ್ಷಿಣೆ ಸಾವಿನ 304-ಬಿ ಕಲಮು ಬಂತು.

ಮುಂದೆ 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಮದುವೆಯಾದ ಹೆಣ್ಣುಮಕ್ಕಳ ಅಸಹಜ ಸಾವುಗಳ ಬೆನ್ನು ಹತ್ತಿದಾಗ ಎಲ್ಲೆಲ್ಲೂ ಒಂದೇ ಕಥೆ ಕೇಳಿಬರುತ್ತಿತ್ತು: ‘ಸ್ಟೌ ಸಿಡಿಯಿತು’. ಅತ್ತೆ ಕಾಫಿ ಕಾಸುವಾಗ ಸಿಡಿಯದ ಸ್ಟೌ, ನಾದಿನಿ ಅನ್ನಕ್ಕಿಟ್ಟಾಗ ಸಿಡಿಯದ ಸ್ಟೌ, ಸೊಸೆ ಮುಟ್ಟಿದಾಗ ಮಾತ್ರ ಯಾಕೆ ಸಿಡಿಯುತ್ತದೆ? ಈ ಪ್ರಶ್ನೆ ಯಾವ ಇಲಾಖೆಯ ನಮೂನೆಯಲ್ಲೂ ಇರಲಿಲ್ಲ. ಅದು ಹುಟ್ಟಿದ್ದು ಹೆಂಗಸರು ಒಟ್ಟಿಗೆ ಕುಳಿತು ಒಬ್ಬರ ಕಥೆಯ ಪಕ್ಕ ಇನ್ನೊಬ್ಬರ ಕಥೆ ಇಟ್ಟು ನೋಡಿದಾಗ. ಒಬ್ಬಳ ನೋವು ಹತ್ತು ಜನರ ನಡುವೆ ಬಂದಾಗ ಬರೀ ಹಣೆಬರಹವಾಗಿ ಉಳಿಯುವುದಿಲ್ಲ, ಪ್ರಶ್ನೆಯಾಗುತ್ತದೆ. ಸಂಘ ಎಂಬುದರ ಮೂಲ ವಿಚಾರ ಇದು.

ಹಳ್ಳಿಗಳಲ್ಲಿ ಇದೇ ವಿಚಾರ ಬೇರೆ ದಾರಿಯಿಂದ ಬಂತು. 1989ರಲ್ಲಿ ಕರ್ನಾಟಕದಲ್ಲಿ ‘ಮಹಿಳಾ ಸಮಖ್ಯಾ’ ಶುರುವಾದಾಗ ಅದಕ್ಕೆ ಇಷ್ಟು ಸಂಘ ಆಗಬೇಕು, ಇಷ್ಟು ಸಾಲ ಹಂಚಬೇಕು ಎಂಬ ಗುರಿ ಇರಲಿಲ್ಲ. ಹೆಂಗಸರು ಕೂಡಬೇಕು, ಮಾತಾಡಬೇಕು, ತಮ್ಮ ಪ್ರಶ್ನೆಯನ್ನು ತಾವೇ ಹುಡುಕಬೇಕು ಎಂಬುದೇ ಅದರ ಕಾರ್ಯಕ್ರಮವಾಗಿತ್ತು. ದಲಿತ ಕೇರಿಯ ಕೂಲಿ ಹೆಣ್ಣುಮಕ್ಕಳು ತಮ್ಮದೇ ‘ಸಂಘದ ಮನೆ’ ಕಟ್ಟಿಕೊಂಡರು. ಗಂಡನದೂ ಅಲ್ಲದ, ಅಪ್ಪನದೂ ಅಲ್ಲದ ಒಂದು ಸೂರು ಎಂದರೆ ಏನೆಂಬುದು ಅಲ್ಲಿ ಒಂದು ರಾತ್ರಿ ಮಲಗಿದವಳಿಗೆ ಗೊತ್ತು.

ಉಳಿತಾಯದ ತೊರೆ ಇನ್ನೊಂದು ಕಡೆಯಿಂದ ಹರಿದು ಬಂತು. ಅದೂ ನಮ್ಮ ನಾಡಿನದೇ. 1980ರ ದಶಕದ ನಡುವೆ ಮೈರಾಡ ಸಂಸ್ಥೆಯ ಊರುಗಳಲ್ಲಿ ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದಾಗ, ಜನ ತಮ್ಮಲ್ಲಿ ನಂಬಿಕೆ ಇದ್ದವರಷ್ಟೇ ಸೇರಿ ಸಣ್ಣ ಸಣ್ಣ ಗುಂಪು ಮಾಡಿಕೊಂಡರು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿತು. 2000ದಲ್ಲಿ ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಬಂತು. 2011ರಲ್ಲಿ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಬಂತು, ನಮ್ಮಲ್ಲಿ ಅದು ಸಂಜೀವಿನಿ. 500 ಗುಂಪಿನಿಂದ ಹೊರಟದ್ದು ಇವತ್ತು ದೇಶದಲ್ಲಿ ಲಕ್ಷಗಟ್ಟಲೆ ಸಂಘಗಳಾಗಿವೆ.

ಇದನ್ನು ನಾನು ಹೀಗಳೆಯುವುದಿಲ್ಲ. ಮಗುವಿಗೆ ಜ್ವರ ಬಂದಾಗ ತಾಳಿಯ ಗುಂಡನ್ನು ಗಿರವಿ ಇಡುವುದನ್ನು ತಪ್ಪಿಸಿದ್ದು ಸಂಘ. ಬ್ಯಾಂಕಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದವಳನ್ನು ಮ್ಯಾನೇಜರ ಎದುರು ಕುರ್ಚಿಯಲ್ಲಿ ಕೂರಿಸಿದ್ದು ಸಂಘ. ಆದರೆ ಎರಡು ತೊರೆ ಕೂಡಿದ ಮೇಲೆ ಯಾವ ನೀರು ಉಳಿಯಿತು, ಯಾವುದು ಇಂಗಿಹೋಯಿತು ಎಂದು ಕೇಳುವ ಹಕ್ಕು ನಮಗಿದೆ.

ಎಣಿಸಲು ಬಂದದ್ದು ಉಳಿಯಿತು

ಸಂಘದ ‘ಪಂಚಸೂತ್ರ’ ನಿಮಗೆಲ್ಲ ಬಾಯಿಪಾಠ. ನಿಯಮಿತ ಸಭೆ, ನಿಯಮಿತ ಉಳಿತಾಯ, ನಿಯಮಿತ ಆಂತರಿಕ ಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಪುಸ್ತಕ ನಿರ್ವಹಣೆ. ಆಮೇಲೆ ಇದಕ್ಕೆ ಐದು ಸೇರಿಸಿ ‘ದಶಸೂತ್ರ’ ಮಾಡಿದರು. ಆರೋಗ್ಯ, ಶಿಕ್ಷಣ, ಪಂಚಾಯಿತಿಯಲ್ಲಿ ಪಾಲ್ಗೊಳ್ಳುವಿಕೆ, ಸರ್ಕಾರಿ ಸೌಲಭ್ಯ, ಜೀವನೋಪಾಯ ಬಂದವು. ಒಳ್ಳೆಯದೇ. ಆದರೆ ಹತ್ತೂ ಬೆರಳು ಮಡಚಿ ಎಣಿಸಿ ನೋಡಿ. ‘ನಮ್ಮಲ್ಲಿ ಯಾರೂ ಮನೆಯಲ್ಲಿ ಏಟು ತಿನ್ನಬಾರದು’ ಎಂಬ ಸೂತ್ರ ಅದರಲ್ಲಿ ಇದೆಯೇ? ‘ನಮ್ಮ ಸಂಘದ ಹಣ ವರದಕ್ಷಿಣೆಗೆ ಹೋಗಬಾರದು’ ಎಂಬ ಸೂತ್ರ ಇದೆಯೇ?

ಈ ಸೂತ್ರಗಳನ್ನು ಬರೆದವರು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಒಂದು ವಿಚಾರ ಸಂಸ್ಥೆಯಾದ ಕೂಡಲೇ ಅದಕ್ಕೆ ಅಳತೆಗೋಲು ಬೇಕಾಗುತ್ತದೆ. ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಕೂತವರಿಗೆ ಸಂಘ ಸರಿಯಿದೆಯೋ ಇಲ್ಲವೋ ಎಂದು ಒಂದು ಹಾಳೆಯಲ್ಲಿ ತಿಳಿಯಬೇಕು. ಕಂತನ್ನು ಎಣಿಸಬಹುದು, ಧೈರ್ಯವನ್ನು ಎಣಿಸಲು ಬರುವುದಿಲ್ಲ. ಹಾಗಾಗಿ ಕಂತು ನಮೂನೆಯೊಳಕ್ಕೆ ಹೋಯಿತು, ಧೈರ್ಯ ಹೊರಗೆ ಉಳಿಯಿತು. ನಮೂನೆಯಲ್ಲಿ ಇಲ್ಲದ್ದನ್ನು ಮೇಲ್ವಿಚಾರಕಿ ಕೇಳುವುದಿಲ್ಲ. ಅವಳು ಕೇಳದ್ದನ್ನು ಪ್ರತಿನಿಧಿ ಬರೆಯುವುದಿಲ್ಲ. ಪ್ರತಿನಿಧಿ ಬರೆಯದ್ದನ್ನು ಸದಸ್ಯೆಯರು ಮಾತಾಡುವುದನ್ನೇ ಬಿಡುತ್ತಾರೆ. ಯಾರೂ ಯಾರ ಬಾಯಿಯನ್ನೂ ಮುಚ್ಚಲಿಲ್ಲ. ಬಾಯಿ ತಾನಾಗಿ ಮುಚ್ಚಿಕೊಂಡಿತು.

ಈಗ ಒಂದು ಲೆಕ್ಕ ನೋಡೋಣ. 2019-20ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ 100ಕ್ಕೆ 44 ಮಂದಿ ಒಂದಲ್ಲ ಒಂದು ಹೊತ್ತಿನಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು. ಅಂದರೆ 20 ಮಂದಿ ಗೃಹಿಣಿಯರು ಕೂತ ಸಂಘದಲ್ಲಿ ಅಂಥವರು ಸುಮಾರು 9 ಮಂದಿ. ಚಾಪೆಯ ಮೇಲೆ ನಿಮ್ಮ ಎಡಕ್ಕೆ ಒಬ್ಬಳು, ಬಲಕ್ಕೆ ಒಬ್ಬಳು. ಅವರ ಉಳಿತಾಯ ಎಷ್ಟು ಎಂದು ನಿಮಗೆ ಗೊತ್ತು. ಬೇರೆ ಏನು ಗೊತ್ತು?

ಇದಕ್ಕಿಂತ ಕಹಿಯಾದ ಇನ್ನೊಂದು ಸತ್ಯವಿದೆ. ಮಾರ್ಚ್ 8ರಂದು ಬ್ಯಾನರು ಹಿಡಿದು ‘ವರದಕ್ಷಿಣೆ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ’ ಎಂದು ಪ್ರಮಾಣ ಮಾಡುತ್ತೇವೆ. ಏಪ್ರಿಲಿನಲ್ಲಿ ಮಗಳ ಮದುವೆಗೆ ಸಂಘದಿಂದ ಸಾಲ ಎತ್ತುತ್ತೇವೆ. ಪುಸ್ತಕದಲ್ಲಿ ಹೈನುಗಾರಿಕೆ, ಕುರಿ ಸಾಕಣೆ, ಹೊಲಿಗೆ ಯಂತ್ರ. ನಿಜದಲ್ಲಿ ಅಳಿಯನ ಬೈಕು, ಬೀಗರ ಬೇಡಿಕೆಯ ಉಂಗುರ. ಬರೆಯುವವಳಿಗೂ ಗೊತ್ತು, ಸಹಿ ಹಾಕುವವರಿಗೂ ಗೊತ್ತು. ಹಿಂದೆ ವರದಕ್ಷಿಣೆಗೆ ಸಾಲ ಕೊಡುತ್ತಿದ್ದವನು ಸಾಹುಕಾರ. ಈಗ ನಾವೇ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ ಅಲ್ಲವೇ?

ನೆಲ್ಲೂರಿನ ಪಾಠ

ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯ ದುಬಗುಂಟ ಎಂಬ ಹಳ್ಳಿಯನ್ನು ನೆನೆಯೋಣ. 1992ರಲ್ಲಿ ಅಲ್ಲಿಯ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ಆ ಕಿಚ್ಚು ಊರಿಂದೂರಿಗೆ ಹಬ್ಬಿ 1993ರಲ್ಲಿ ಸಾರಾಯಿ ನಿಷೇಧವಾಯಿತು, 1995ರಲ್ಲಿ ಪೂರ್ತಿ ಪಾನನಿರೋಧ ಬಂತು. ಕುಡಿತದ ಜೊತೆ ಬರುವ ಹೊಡೆತದ ವಿರುದ್ಧ ಎದ್ದ ಹೋರಾಟ ಅದು.

ಆ ಹೋರಾಟದ ಬಿಸಿ ಆರುವ ಮೊದಲೇ ಅಲ್ಲಿಯ ಜಿಲ್ಲಾಡಳಿತ ‘ಪೊದುಪುಲಕ್ಷ್ಮಿ’ ಎಂಬ ಉಳಿತಾಯದ ಕಾರ್ಯಕ್ರಮ ತಂದಿತು. ಸಾರಾಯಿಗೆ ಹೋಗುತ್ತಿದ್ದ ದುಡ್ಡಿನಲ್ಲಿ ದಿನಕ್ಕೊಂದು ರೂಪಾಯಿ ಉಳಿಸಿ ಎಂದಿತು. ಮಾತು ಸರಿಯಾಗಿಯೇ ಇತ್ತು. ಗಡಿಗೆ ಒಡೆದ ಕೈಗಳಿಗೆ ಪಾಸ್‌ಬುಕ್ಕು ಬಂತು. ಆದರೆ 1997ರಲ್ಲಿ ಸರ್ಕಾರ ಪಾನನಿರೋಧವನ್ನು ಸಡಿಲಿಸಿದಾಗ ಮೊದಲಿನ ಕಿಚ್ಚು ಮತ್ತೆ ಏಳಲಿಲ್ಲ. ಗುಂಪುಗಳು ಉಳಿದವು, ಬೆಳೆದವು, ಅವುಗಳ ಜಾಡಿನಲ್ಲೇ ಖಾಸಗಿ ಸಾಲದ ಕಂಪನಿಗಳೂ ಬಂದವು. 2010ರ ಹೊತ್ತಿಗೆ ಅದೇ ಆಂಧ್ರದಲ್ಲಿ ವಸೂಲಿಯ ಕಾಟ ತಾಳದೆ ಹೆಂಗಸರು ಪ್ರಾಣ ಕಳೆದುಕೊಂಡ ಸುದ್ದಿಗಳು ಬಂದು, ಅಕ್ಟೋಬರಿನಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ನಮ್ಮ ಕರ್ನಾಟಕ ಅದೇ ಕಾರಣಕ್ಕೆ ಅಂಥ ಸುಗ್ರೀವಾಜ್ಞೆ ತಂದದ್ದು 2025ರಲ್ಲಿ.

ಹತ್ತು ಜನ ಹೆಂಗಸರು ಒಬ್ಬ ಗಂಡಸಿನ ಮನೆ ಮುಂದೆ ನಿಂತು ‘ಅವಳನ್ನು ಯಾಕೆ ಹೊಡೆದೆ?’ ಎಂದು ಕೇಳುವುದು ಸಂಘ. ಅದೇ ಹತ್ತು ಜನ ಒಬ್ಬ ಹೆಂಗಸಿನ ಮನೆ ಮುಂದೆ ಕುಳಿತು ‘ಕಂತು ಕಟ್ಟುವವರೆಗೆ ಏಳುವುದಿಲ್ಲ’ ಎನ್ನುವುದೂ ಈಗ ಸಂಘವೇ. ಗುಂಪಿನ ಬಲ ಅದೇ, ಕೂರುವ ಜಗುಲಿ ಅದೇ. ಬಲ ಯಾರ ಕಡೆ ತಿರುಗಿತು ಎಂಬುದಷ್ಟೇ ಬದಲಾಯಿತು.

ನ್ಯಾಯದ ಕಟ್ಟೆಯಿಂದ ರಾಜಿಯ ಮೇಜಿಗೆ

1995ರಲ್ಲಿ ಗುಜರಾತಿನ ವಡೋದರಾ ಜಿಲ್ಲೆಯಲ್ಲಿ ಮಹಿಳಾ ಸಮಖ್ಯಾದ ಹೆಂಗಸರು ‘ನಾರಿ ಅದಾಲತ್’ ಶುರುಮಾಡಿದರು. ಓದು ಬರಹ ಅಷ್ಟಾಗಿ ಬಾರದ ಹಳ್ಳಿಯ ಹೆಂಗಸರು ತಾಲ್ಲೂಕು ಕಚೇರಿಯ ಆವರಣದಲ್ಲಿ, ಎಲ್ಲರ ಕಣ್ಣೆದುರು ಕುಳಿತು ಕುಟುಂಬದ ವ್ಯಾಜ್ಯ ಕೇಳತೊಡಗಿದರು. ಮುಂದೆ ನಮ್ಮಲ್ಲೂ ನಾರಿ ಅದಾಲತ್‌ಗಳು ನಡೆದವು. ಊರ ಗಂಡಸರ ಪಂಚಾಯಿತಿಯಲ್ಲಿ ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂದು ಮುಗಿಸುತ್ತಿದ್ದ ವಿಷಯವನ್ನು ಇಲ್ಲಿ ‘ಉಂಡದ್ದು ಯಾರು? ಉಪವಾಸ ಮಲಗಿದ್ದು ಯಾರು?’ ಎಂದು ಬಿಡಿಸಿ ಕೇಳುತ್ತಿದ್ದರು.

2016ರಲ್ಲಿ ಕೇಂದ್ರ ಸರ್ಕಾರ ಮಹಿಳಾ ಸಮಖ್ಯಾವನ್ನು ಪ್ರತ್ಯೇಕ ಕಾರ್ಯಕ್ರಮವಾಗಿ ನಿಲ್ಲಿಸಿ, ಜೀವನೋಪಾಯ ಅಭಿಯಾನದಲ್ಲಿ ವಿಲೀನ ಮಾಡುತ್ತೇವೆ ಎಂದಿತು. 2022ರಲ್ಲಿ ಅದೇ ಕೇಂದ್ರ ಸರ್ಕಾರ ‘ಮಿಷನ್ ಶಕ್ತಿ’ಯ ಮಾರ್ಗಸೂಚಿಯಲ್ಲಿ ‘ನಾರಿ ಅದಾಲತ್’ ಎಂದು ಒಂದು ಅಂಶ ಸೇರಿಸಿತು. ತಾಯಿಯನ್ನು ಮನೆಯಿಂದ ಕಳಿಸಿ ಮಗುವಿನ ಹೆಸರನ್ನು ಉಳಿಸಿಕೊಂಡ ಹಾಗಾಯಿತು. ಹೆಸರು ಬಂತು ಸರಿ. ಆ ಹೆಸರಿನ ಹಿಂದೆ ವರ್ಷಗಟ್ಟಲೆ ಚಾಪೆಯ ಮೇಲೆ ಕೂತು ಕಲಿತ ಕಿವಿ ಇಲ್ಲದಿದ್ದರೆ ಅದು ಇನ್ನೊಂದು ಕಮಿಟಿ ಅಷ್ಟೇ.

ಕಮಿಟಿಗಳು ಎತ್ತ ತಿರುಗುತ್ತವೆ ಎಂಬುದಕ್ಕೆ ಉದಾಹರಣೆಯೂ ಇದೆ. 2017ರ ಜುಲೈನಲ್ಲಿ ಸುಪ್ರೀಂ ಕೋರ್ಟು 498-ಎ ದೂರುಗಳನ್ನೆಲ್ಲ ಮೊದಲು ‘ಕುಟುಂಬ ಕಲ್ಯಾಣ ಸಮಿತಿ’ ನೋಡಬೇಕೆಂದಿತು. 2018ರಲ್ಲಿ ಅದೇ ಕೋರ್ಟು ಅಂಥ ಸಮಿತಿಗೆ ಕಾನೂನಿನಲ್ಲಿ ಜಾಗವಿಲ್ಲ ಎಂದು ಆ ಆದೇಶವನ್ನು ತೆಗೆದುಹಾಕಿತು. 2022ರಲ್ಲಿ ಅಲಹಾಬಾದ್ ಹೈಕೋರ್ಟು ಮತ್ತೆ ಸಮಿತಿ ಮಾಡಿ, 2 ತಿಂಗಳು ಬಂಧನ ಬೇಡ ಎಂದಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಆ ಮಾರ್ಗಸೂಚಿಗಳು ಜಾರಿಯಲ್ಲಿರಲಿ ಎಂದಿತು. ಹೊಡೆಸಿಕೊಂಡವಳ ಪರವಾಗಿ ನಾಲ್ಕು ಜನ ಕೂರುವುದು ನಮ್ಮ ವಿಚಾರವಾಗಿತ್ತು. ಹೊಡೆದವನಿಗೆ ಎರಡು ತಿಂಗಳ ವಾಯಿದೆ ಸಿಗಲು ನಾಲ್ಕು ಜನ ಕೂರುವುದು ಈಗ ವ್ಯವಸ್ಥೆಯ ವಿಚಾರವಾಗಿದೆ. ಆ 2 ತಿಂಗಳು ಅವಳು ಯಾವ ಮನೆಯಲ್ಲಿರಬೇಕು?

ಠಾಣೆಯಲ್ಲಿ, ಆಪ್ತಸಲಹೆಯ ಕೋಣೆಯಲ್ಲಿ, ಕೆಲವೊಮ್ಮೆ ನಮ್ಮದೇ ಸಂಘಟನೆಗಳ ಕಚೇರಿಯಲ್ಲಿ ಕೂಡ ‘ಇತ್ಯರ್ಥವಾದ ಪ್ರಕರಣ’ ಎಂದರೆ ‘ರಾಜಿಯಾದ ಪ್ರಕರಣ’ ಎಂದು ಅರ್ಥವಾಗಿಬಿಟ್ಟಿದೆ. ಇಬ್ಬರಿಂದಲೂ ಸಹಿ ಹಾಕಿಸಿ, ‘ಇನ್ನು ಮುಂದೆ ಚೆನ್ನಾಗಿ ನೋಡಿಕೊಳ್ಳುತ್ತೇನೆ’ ಎಂದು ಬರೆಸಿ ಕಳಿಸುತ್ತೇವೆ. ವರ್ಷದ ವರದಿಯಲ್ಲಿ ಒಂದು ಅಂಕಿ ಏರುತ್ತದೆ. ತಿಂಗಳಾದ ಮೇಲೆ ಆ ಮನೆಗೆ ಹೋಗಿ ಬಾಗಿಲು ತಟ್ಟಿದವರು ಎಷ್ಟು ಜನ?

ಹಾಗಾದರೆ ಸಂಸ್ಥೆಯೇ ಬೇಡವೇ?

ಇಲ್ಲಿಗೆ ಬಂದಾಗ ನಮ್ಮ ಕೆಲವು ಹಳೆಯ ಸಂಗಾತಿಗಳು ಹೇಳುವ ಮಾತೊಂದಿದೆ. ‘ವಿಚಾರ ಜಂಗಮ, ಸಂಸ್ಥೆ ಸ್ಥಾವರ. ಸರ್ಕಾರದ ದುಡ್ಡು, ರಿಜಿಸ್ಟರು, ಕಚೇರಿ ಬಂದ ದಿನವೇ ಚಳವಳಿ ಸತ್ತಿತು. ನಮ್ಮ ಕಾಲದಲ್ಲಿ ಹಾಗಿರಲಿಲ್ಲ.’ ಕೇಳಲು ಚೆನ್ನಾಗಿದೆ. ಇದನ್ನು ನಾನು ಒಪ್ಪುವುದಿಲ್ಲ.

ಮೊದಲನೆಯದಾಗಿ, ‘ನಮ್ಮ ಕಾಲ’ದ ಕಿಚ್ಚೂ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಬೀದಿ ನಾಟಕ ಮುಗಿಸಿ, ಹಾಡು ಹೇಳಿ, ಕೊನೆಯ ಬಸ್ಸಿಗೆ ನಾವು ಹೊರಟುಬಿಡುತ್ತಿದ್ದೆವು. ಆ ರಾತ್ರಿ ಊರಿನಲ್ಲಿ ಉಳಿಯುವವಳು ಅವಳೇ. ಅವಳಿಗೆ ಬೇಕಾಗಿದ್ದದ್ದು ಹಾಡಿನ ಜೊತೆಗೆ ಒಂದು ಸೂರು, ಒಂದು ದೂರವಾಣಿ ಸಂಖ್ಯೆ, ಕೈಯಲ್ಲಿ ನಾಲ್ಕು ಕಾಸು. ಇವೆಲ್ಲ ಸಂಸ್ಥೆ ಇಲ್ಲದೆ ಬರುವುದಿಲ್ಲ. ನಮ್ಮ ಸಂಘಟನೆಗಳೂ ಕಡಿಮೆಯೇನಲ್ಲ. ಪ್ರಾಜೆಕ್ಟು ಇರುವ ಮೂರು ವರ್ಷ ಒಂದು ತಾಲ್ಲೂಕಿನ ಹೆಣ್ಣುಮಕ್ಕಳ ನೋವು ನಮ್ಮ ನೋವು, ಪ್ರಾಜೆಕ್ಟು ಮುಗಿದ ಮೇಲೆ ಬೇರೆ ತಾಲ್ಲೂಕು. ಸರ್ಕಾರವನ್ನು ಬೈಯುವ ಮುಂಚೆ ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು.

ಎರಡನೆಯದಾಗಿ, ಕಾನೂನೂ ಒಂದು ಸಂಸ್ಥೆಯೇ. ಬೀದಿಯ ಕೂಗು 498-ಎ ಆಗದಿದ್ದರೆ ಬೀದಿಯಲ್ಲೇ ಆರಿಹೋಗುತ್ತಿತ್ತು. 2005ರಲ್ಲಿ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬಂದು 2006ರ ಅಕ್ಟೋಬರಿನಲ್ಲಿ ಜಾರಿಯಾಯಿತು. ಹೊಡೆಸಿಕೊಂಡವಳಿಗೆ ಗಂಡನ ಮನೆಯಲ್ಲೇ ವಾಸಿಸುವ ಹಕ್ಕು ಕೊಟ್ಟದ್ದು ಅದು. ನಿಜ, ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯ ಕೆಲಸವನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹೆಗಲಿಗೇ ಹೆಚ್ಚುವರಿಯಾಗಿ ಏರಿಸಿದ್ದಾರೆ. ಅಂಗನವಾಡಿಯ ಆಹಾರವನ್ನೂ ಅವರೇ ನೋಡಬೇಕು, ಸ್ತ್ರೀಶಕ್ತಿಯ ವರದಿಯನ್ನೂ ಅವರೇ ಕಳಿಸಬೇಕು, ಹೊಡೆತ ತಿಂದವಳ ಅರ್ಜಿಯನ್ನೂ ಅವರೇ ಬರೆಯಬೇಕು. ಇದಕ್ಕಾಗಿ ಜಗಳವಾಡೋಣ. ಆದರೆ ಕಾನೂನೇ ಬೇಡ ಎನ್ನಲಾದೀತೇ?

ಮೂರನೆಯದು, ಬಹಳ ಮುಖ್ಯವಾದದ್ದು. ಆ ಸಂಘದ ಪುಸ್ತಕಕ್ಕೆ ಮತ್ತೆ ಬರೋಣ. ವರದಕ್ಷಿಣೆ ಸಾವಿನ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 80ನೆಯ ಕಲಮು, ಏನು ಕೇಳುತ್ತದೆ? ಮದುವೆಯಾದ 7 ವರ್ಷದೊಳಗೆ ಅಸಹಜವಾಗಿ ಸತ್ತಿದ್ದಾಳೆಯೇ? ಸಾಯುವ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಅವಳಿಗೆ ಹಿಂಸೆ ಕೊಟ್ಟಿದ್ದರೇ? ಈ ಎರಡನೆಯ ಪ್ರಶ್ನೆಗೆ ಉತ್ತರ ಹೇಳುವವರು ಯಾರು? ಸತ್ತವಳು ಹೇಳಲಾರಳು. ಅತ್ತೆ ಮಾವ ಹೇಳುವುದಿಲ್ಲ. ನೆರೆಯವರು ಹೆದರುತ್ತಾರೆ. ದೇಶದಲ್ಲಿ 2022ರ ಒಂದೇ ವರ್ಷ 6,400ಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ದಾಖಲಾದವು. ಅವರಲ್ಲಿ ಎಷ್ಟು ಮಂದಿ ವಾರಕ್ಕೊಮ್ಮೆ ಸಂಘದ ಚಾಪೆಯ ಮೇಲೆ ಬಂದು ಕೂರುತ್ತಿದ್ದರೋ!

ಆ ಸಂಘದ ಪುಸ್ತಕದಲ್ಲಿ ಹಣದ ಬದಲು, ಅಥವಾ ಹಣದ ಜೊತೆಗೆ, ಮೂರೇ ಸಾಲು ಇದ್ದಿದ್ದರೆ ಹೇಗಿರುತ್ತಿತ್ತು? ಇಂಥ ದಿನ ಅವಳು ಬರಲಿಲ್ಲ. ಇಂಥ ದಿನ ಇಬ್ಬರು ಅವಳ ಮನೆಗೆ ಹೋದೆವು, ತೋಳಿನ ಮೇಲೆ ಬರೆ ಇತ್ತು. ಬೈಕಿನ ಬಾಕಿಗಾಗಿ ಹೊಡೆದರೆಂದು ಹೇಳಿದಳು. ದಿನಾಂಕ, ಸಹಿ, ಹೆಬ್ಬೆಟ್ಟು. ಅದು ಅವಳನ್ನು ಉಳಿಸುತ್ತಿತ್ತೋ ಇಲ್ಲವೋ ಹೇಳಲಾರೆ. ಆದರೆ ಆ ಮನೆಯವರಿಗೆ ಊರಿನಲ್ಲಿ ತಮ್ಮನ್ನು ಹತ್ತು ಜನ ನೋಡುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ಸತ್ತ ಮೇಲೆ ‘ಕಾಲು ಜಾರಿ ಬಿದ್ದಳು’ ಎಂಬ ಮಾತು ಅಷ್ಟು ಸಲೀಸಾಗಿ ನಡೆಯುತ್ತಿರಲಿಲ್ಲ.

ನನ್ನ ವಾದ ಇಷ್ಟೇ. ವಿಚಾರವನ್ನು ಕೊಂದದ್ದು ಪುಸ್ತಕವಲ್ಲ, ಪುಸ್ತಕದಲ್ಲಿ ಏನು ಬರೆಯಬೇಕೆಂಬ ತೀರ್ಮಾನ ನಮ್ಮ ಕೈಬಿಟ್ಟು ಹೋದದ್ದು. ಬೇರೆಯವರು ಕೇಳುವ ಪ್ರಶ್ನೆಗೆ ಉತ್ತರ ಬರೆಯುತ್ತಾ ಕುಳಿತು, ನಾವು ಕೇಳಬೇಕಾದ ಪ್ರಶ್ನೆಯನ್ನು ಮರೆತೆವು. ರಿಜಿಸ್ಟರನ್ನು ಸುಡಬೇಕಾಗಿಲ್ಲ, ವಶಪಡಿಸಿಕೊಳ್ಳಬೇಕು.

ಮಾಡಬೇಕಾದದ್ದು

ಇದಕ್ಕೆ ಸುತ್ತೋಲೆ ಬರಲಿ ಎಂದು ಕಾಯಬೇಡಿ. 2022ರಿಂದ ನವೆಂಬರಿನಲ್ಲಿ ‘ನಯಿ ಚೇತನಾ’ ಎಂದು ಒಂದು ತಿಂಗಳು ಸಂಘಗಳಲ್ಲಿ ದೌರ್ಜನ್ಯ ವಿರೋಧಿ ಅಭಿಯಾನ ನಡೆಸುತ್ತಾರೆ. ಅದರಲ್ಲಿ ಭಾಗವಹಿಸಿ, ಬೇಡ ಎನ್ನುವುದಿಲ್ಲ. ಆದರೆ ಹೊಡೆಯುವವನು ತಿಂಗಳು ನೋಡಿ ಹೊಡೆಯುವುದಿಲ್ಲ. ಈ ವಾರದ ಸಭೆಯಿಂದಲೇ ಹೀಗೆ ಶುರುಮಾಡಬಹುದು.

ಒಂದು, ಸಭೆಯ ಮೊದಲ ಪ್ರಶ್ನೆ ಕಂತಿನದಾಗಬಾರದು. ‘ಯಾರು ಬಂದಿಲ್ಲ? ಯಾಕೆ ಬಂದಿಲ್ಲ?’ ಎಂಬುದಾಗಲಿ. ಕಂತು ಬಂದು ಅವಳು ಬರದಿದ್ದರೆ, ಅದೇ ದಿನ ಇಬ್ಬರು ಅವಳ ಮನೆಗೆ ಹೋಗಲಿ.

ಎರಡು, ಹಣದ ಪುಸ್ತಕ ಬೇರೆ, ನೋವಿನ ಪುಸ್ತಕ ಬೇರೆ ಇರಲಿ. ಎರಡನೆಯದನ್ನು ಬ್ಯಾಂಕಿನವರಿಗೂ ಆಡಿಟ್‌ನವರಿಗೂ ತೋರಿಸುವಂತಿಲ್ಲ. ಅವಳು ಒಪ್ಪಿದರೆ ಮಾತ್ರ ಬರೆಯಬೇಕು, ದಿನಾಂಕ ಹಾಕಬೇಕು, ನೋಡಿದವರು ಸಹಿ ಮಾಡಬೇಕು. ಬರೆದದ್ದು ಹರಟೆಯಾಗಿ ಊರು ಸುತ್ತಿದರೆ ಅವಳಿಗೆ ಎರಡನೆಯ ಏಟು ಬೀಳುವುದು ನಮ್ಮಿಂದ.

ಮೂರು, ವರದಕ್ಷಿಣೆಗೆ ಸಂಘದ ಸಾಲವಿಲ್ಲ ಎಂದು ಠರಾವು ಮಾಡಿ. ಸುಳ್ಳು ಉದ್ದೇಶ ಬರೆದು ಸಹಿ ಹಾಕುವುದನ್ನು ನಿಲ್ಲಿಸಿ. ಹಸುವಿಗೆ ಸಾಲ ಕೊಟ್ಟರೆ ಕೊಟ್ಟಿಗೆಗೆ ಹೋಗಿ ಹಸು ನೋಡಿ ಬನ್ನಿ. ‘ಹಾಗಾದರೆ ನನ್ನ ಮಗಳ ಮದುವೆ ಹೇಗಕ್ಕ?’ ಎಂದು ಒಬ್ಬಳು ಅಳುತ್ತಾಳೆ. ಆಗ ಇಡೀ ಸಂಘ ಬೀಗರ ಮನೆಗೆ ಹೋಗಿ ಮಾತಾಡಲಿ. ಒಬ್ಬ ತಾಯಿ ‘ಕೊಡಲಾರೆ’ ಎಂದರೆ ಸಂಬಂಧ ಮುರಿಯುತ್ತದೆ. ಊರಿನ ಎಲ್ಲ ಸಂಘಗಳೂ ‘ಕೊಡುವುದಿಲ್ಲ’ ಎಂದರೆ ಪದ್ಧತಿ ಮುರಿಯುತ್ತದೆ.

ನಾಲ್ಕು, 2005ರ ಕಾಯ್ದೆಯ 4ನೆಯ ಕಲಮಿನ ಪ್ರಕಾರ ದೌರ್ಜನ್ಯ ನಡೆದಿದೆ, ನಡೆಯಲಿದೆ ಎಂದು ತಿಳಿದ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ‘ನಮಗ್ಯಾಕೆ ಊರ ಉಸಾಬರಿ’ ಎನ್ನುವವರಿಗೆ ಇದನ್ನು ಓದಿ ಹೇಳಿ. ತುರ್ತಾದರೆ 181 ಸಹಾಯವಾಣಿ ಇದೆ, 112 ಇದೆ.

ಐದು, ರಾಜಿಯಾದರೆ ಅಲ್ಲಿಗೆ ಮುಗಿಯಿತು ಎನ್ನಬೇಡಿ. ವಾರಕ್ಕೆ, ತಿಂಗಳಿಗೆ, ಮೂರು ತಿಂಗಳಿಗೆ ಹೋಗಿ ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿಸಿ. ‘ಬೇಡ, ನಾನು ಬೇರೆ ಇರುತ್ತೇನೆ’ ಎಂದರೆ ಅದನ್ನೂ ಇತ್ಯರ್ಥವೆಂದೇ ಬರೆಯಿರಿ.

ಆರು, ಪ್ರತಿನಿಧಿಗಳನ್ನು ಬದಲಿಸುತ್ತಿರಿ. ಹತ್ತು ವರ್ಷದಿಂದ ಒಬ್ಬಳೇ ಪುಸ್ತಕ ಹಿಡಿದಿದ್ದರೆ ಸಂಘ ಅವಳದಾಗುತ್ತದೆ, ಉಳಿದವರು ಗಿರಾಕಿಗಳಾಗುತ್ತಾರೆ. ಓದು ಬಾರದವಳೂ ಅಧ್ಯಕ್ಷತೆ ವಹಿಸಲಿ. ನೋವು ಕೇಳಲು ಅಕ್ಷರ ಬೇಕಾಗಿಲ್ಲ.

ಇಷ್ಟು ಮಾಡಿದರೆ ಮೇಲಿನವರು ಮೆಚ್ಚುತ್ತಾರೆಂದು ನಾನು ಹೇಳಲಾರೆ. ಸಭೆ ಅರ್ಧ ಗಂಟೆ ಜಾಸ್ತಿಯಾಗುತ್ತದೆ. ‘ಈ ಸಂಘದವರು ಸಂಸಾರ ಒಡೆಯುತ್ತಾರೆ’ ಎಂಬ ಮಾತು ಊರಲ್ಲಿ ಬರುತ್ತದೆ. ಆ ಮಾತು ಬಂದ ದಿನ ಹೆದರಬೇಡಿ. ಸಂಘಕ್ಕೆ ಇನ್ನೂ ಜೀವವಿದೆ ಎಂಬುದಕ್ಕೆ ಅದೇ ಸಾಕ್ಷಿ. ನಿಮ್ಮ ಸಂಘವನ್ನು ಕಂಡು ಊರಿನ ಒಬ್ಬನೇ ಒಬ್ಬ ಹೊಡೆಯುವ ಗಂಡಸಿಗೂ ಅಳುಕಿಲ್ಲ ಎಂದಾದರೆ, ದರ್ಜೆ ‘ಎ’ ಇದ್ದರೂ ಅದು ಬರೀ ಒಂದು ಸಣ್ಣ ಬ್ಯಾಂಕು.

ಆ ಹೆಣ್ಣುಮಗಳ ಹೆಸರನ್ನು ಇಲ್ಲಿ ಬರೆಯಲಾರೆ. ಅವಳ ಉಳಿತಾಯವನ್ನು ಸಾಲಕ್ಕೆ ಮುರಿದುಕೊಂಡ ಮೇಲೂ ಕೆಲವು ರೂಪಾಯಿ ಉಳಿದಿತ್ತು. ಅದನ್ನು ಸಂಘದವರು ನಿಯಮದಂತೆ ವಾರಸುದಾರನಿಗೆ ಕೊಟ್ಟು ರಸೀದಿ ಪಡೆದಿದ್ದರು. ವಾರಸುದಾರ ಎಂದರೆ ಅವಳ ಗಂಡ. ಲೆಕ್ಕ ಸರಿಯಾಗಿತ್ತು. ಒಂದು ಪೈಸೆಯೂ ತಪ್ಪಿರಲಿಲ್ಲ.

ಮುಂದಿನ ಸಭೆಗೆ ನಿಮ್ಮಲ್ಲಿ ಯಾರು ಬಂದಿಲ್ಲ, ನೋಡಿಕೊಳ್ಳಿ.